ಐರಿನ್ ಸಲ್ಡಾನಾ ಹಿಡಿದ ಮೈಕು

ನಾನು ಒಂದು ಮೈಕು. ಹುಟ್ಟಿದ್ದು ಮುಂಬಯಿಯ ಕಾರ್ಖಾನೆಯಲ್ಲಿ. ಮರದ ಪೆಟ್ಟಿಗೆಯಲ್ಲಿ ಮಲಗಿ ಬೆಂಗಳೂರು ದಂಡಿನ ಕಡೆಯ ಹೋಟೆಲೊಂದಕ್ಕೆ ಬಂದೆ. ಅಲ್ಲಿ ಊಟದ ಜೊತೆಗೆ ಕ್ಯಾಬರೆಯೂ ಇತ್ತು. ಹಾಡುವವಳು ಮಂಗಳೂರಿನ ಐರಿನ್ ಸಲ್ಡಾನಾ.

ಉಳಿದವರು ನನ್ನನ್ನು ಕೊಡಪಾನದ ಕಂಠ ಹಿಡಿದಂತೆ ಹಿಡಿಯುತ್ತಿದ್ದರು. ಐರಿನ್‌ಗೆ ಎರಡು ಬೆರಳು ಸಾಕು. ತಾರಕಕ್ಕೆ ಏರುವಾಗ ದೂರ ಸರಿಸುವಳು, ಪಿಸುಮಾತಿಗೆ ತುಟಿಯ ಹತ್ತಿರ ತರುವಳು. ಕೋಳಿಯ ಕಾಲು ಕಡಿಯುತ್ತಿದ್ದ ಗಿರಾಕಿಗಳ ಕಣ್ಣು ಅವಳ ಕಾಲಿನ ಮೇಲೆ. ಹಾಡು ಕೇಳುತ್ತಿದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತ ಸಪ್ಲೈಯರುಗಳು, ಮತ್ತೆ ನಾನು.

ಸಿನಿಮಾದವರು ಖಳನಾಯಕನ ಅಡ್ಡೆಯ ದೃಶ್ಯಕ್ಕೆ ಅವಳಿಂದ ಒಂದು ಹಾಡು ಹಾಡಿಸಿದರು. ಅದು ಊರೆಲ್ಲ ಹಬ್ಬಿತು. ಮದುವೆ ಬ್ಯಾಂಡಿನವರೂ ಅದನ್ನೇ ಊದಿದರು. ಆದರೆ ಐರಿನ್‌ಗೆ ಮರ್ಯಾದಸ್ಥರ ಬೀದಿಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಅದೇ ಹಾಡು ಗುನುಗುತ್ತ ಬಾಗಿಲು ತೆಗೆದು, ಅವಳನ್ನು ಕಂಡು "ಮನೆ ಖಾಲಿ ಇಲ್ಲ" ಅಂದವರೂ ಇದ್ದರು.

ಹೋಟೆಲಿನವರು ಕ್ಯಾಬರೆ ನಿಲ್ಲಿಸಿದಾಗ, ಮೈಕ್ ಸೆಟ್ ಬಾಡಿಗೆಗೆ ಕೊಡುವ ನಜೀರ್ ಸಾಬರು ನನ್ನನ್ನು ಕೊಂಡರು. ಅಲ್ಲಿಂದ ಮುಂದೆ ಬರೀ ಭಾಷಣ. ಮೈಮೇಲೆ ಬಿದ್ದ ಎಂಜಲು ಒರೆಸಿಕೊಳ್ಳಲು ನನಗೆ ಕೈಯಿಲ್ಲ.

ಆಮೇಲೆ ಬಡಾವಣೆಯ ಕಲಾಸಂಘವೊಂದು ಆ ಹಾಡಿಗಾಗಿ ಐರಿನ್‌ಗೆ 'ವರ್ಷದ ಗಾಯಕಿ' ಪ್ರಶಸ್ತಿ ಕೊಟ್ಟಿತು. ಸಭೆಯ ಮೈಕು ನಾನೇ. ಅವಳು ನನ್ನನ್ನು ಕಂಡವಳೇ ಗುರುತು ಹಿಡಿದಳು.

"ಸಾಬ್ರೇ, ಇದು ನಮ್ಮ ಹೋಟೆಲಿನದ್ದಲ್ವಾ ಮಾರಾಯ್ರೆ! ಜನ ಹಾಡು ಕೇಳ್ಲಿಕ್ಕೆ ಅಂತಲೇ ಕೂತ ಜಾಗದಲ್ಲಿ ನಾನು ಇಷ್ಟರ ತನಕ ಹಾಡಿದ್ದೇ ಇಲ್ಲ. ಇವತ್ತೊಂದು ದಿನ ಹಾಡ್ಬೇಕು."

ಸಂಘದ ಕಾರ್ಯದರ್ಶಿ ಶೇಷಗಿರಿ ಓಡಿಬಂದರು. "ತಪ್ಪು ತಿಳೀಬೇಡಿ ಮೇಡಂ, ಫ್ಯಾಮಿಲಿಗಳು ಬಂದಿದಾರೆ. ಒಂದು ದೇವರನಾಮ ಹಾಡಿಬಿಡಿ."

"ಪ್ರಶಸ್ತಿ ಯಾವ ಹಾಡಿಗೆ ಸಾರ್?"

"ಹಾಡಿಗೆ ಅಂತಲ್ಲ ಮೇಡಂ, ಒಟ್ಟಾರೆ ಕಲಾಸೇವೆಗೆ."

ಅಧ್ಯಕ್ಷರು ಭಾರತೀಯ ನಾರಿಯ ಬಗ್ಗೆ ದಣಿಯುವವರೆಗೆ ಮಾತಾಡಿದರು, ದಣಿದದ್ದು ನಾವು. ಆಮೇಲೆ ಅವಳ ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ಎರಡೂ ಕೈಗೆ ಹಣ್ಣಿನ ಬುಟ್ಟಿ. ಸನ್ಮಾನವೆಂದರೆ ಮನುಷ್ಯರನ್ನು ಅಲ್ಲಾಡದಂತೆ ಕಟ್ಟಿಹಾಕುವ ವಿದ್ಯೆ.

ಐರಿನ್ ಬುಟ್ಟಿಯನ್ನು ಅಧ್ಯಕ್ಷರ ತೊಡೆಯ ಮೇಲಿಟ್ಟು ನನ್ನನ್ನು ಎತ್ತಿಕೊಂಡಳು. ಅದೇ ಹಾಡು ಶುರುಮಾಡಿದಳು. ಪಲ್ಲವಿ ಮುಗಿಯುವುದರೊಳಗೆ ಶೇಷಗಿರಿ, "ಆಫ್ ಮಾಡ್ರೀ ಸಾಬ್ರೇ!" ಎಂದರು.

"ನನ್ ಕೈಲಾಗಲ್ಲ ಸ್ವಾಮಿ," ಎಂದರು ನಜೀರ್ ಸಾಬರು.

ಶೇಷಗಿರಿಯೇ ವಯರು ಕಿತ್ತರು. ನಾನು ಸತ್ತೆ.

ಅವಳು ನಿಲ್ಲಿಸಲಿಲ್ಲ. ನನ್ನನ್ನು ಮೇಜಿನ ಮೇಲಿಟ್ಟು ಬರೀ ಗಂಟಲಲ್ಲಿ ಹಾಡಿದಳು. ಹಿಂದಿನ ಸಾಲಿನ ಹೆಂಗಸರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಹಾಡು ಮುಗಿದಾಗ ಬಿದ್ದ ಚಪ್ಪಾಳೆ ಬೀದಿಯವರೆಗೆ ಕೇಳಿಸಿತಂತೆ.

ಕೂಡಲೇ ವಯರು ಜೋಡಿಸಿದರು. ಅಧ್ಯಕ್ಷರು ನನ್ನನ್ನು ಬಾಚಿಕೊಂಡು, "ಇಂಥ ಕಲಾವಿದೆಯ ದನಿಯನ್ನು ಮನೆಮನೆಗೆ ಮುಟ್ಟಿಸಿದ್ದು ನಮ್ಮ ಸಂಘ!" ಎಂದರು. ಆ ಸುಳ್ಳನ್ನು ಹೊತ್ತು ಸಭೆಗೆ ಮುಟ್ಟಿಸಿದ್ದು ನಾನು. ಅವಳು ಹಾಡುವಾಗ ನನ್ನಲ್ಲಿ ಇಲ್ಲದ ಜೀವ ಆ ಮಾತಿಗೆ ಬಂದಿತ್ತು.

ಅದೇ ಕೊನೆ. ಮರುದಿನದಿಂದ ನಾನು ಬಾಯಿ ಬಿಡಲಿಲ್ಲ. ನಜೀರ್ ಸಾಬರು ಬಿಚ್ಚಿ ನೋಡಿದರು, ತಟ್ಟಿದರು, ಊದಿದರು. "ಎಲ್ಲ ಸರಿಯಾಗೇ ಐತೆ, ಯಾಕೋ ಮಾತಾಡ್ತಾ ಇಲ್ಲ," ಎಂದು ಅಟ್ಟದ ಮೇಲಿಟ್ಟರು. ಈಗಲೂ ಇಲ್ಲೇ ಇದ್ದೇನೆ. ಅಂಗಡಿಗೆ ಬಂದವರಿಗೆ ಅವರು ನನ್ನನ್ನು ತೋರಿಸಿ, ಅದು ಕೆಟ್ಟುಹೋಗಿದೆ ಅನ್ನುತ್ತಾರೆ.

ಹಾಗೇ ಅಂದುಕೊಳ್ಳಲಿ.