ಎಡಗಡೆಯ ಬಲೆ

ಈ ಸಲವೂ ಎಡಗಡೆಗೇ ಹೋಗಿ ಬಿದ್ದಳು. ಹಿಮದ ಇಳಿಜಾರಿನ ಅಂಚಿಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆ ಅವಳನ್ನು ಮೀನು ಹಿಡಿದಂತೆ ಹಿಡಿದುಕೊಂಡಿತು. ಜಾರಲೆಂದು ಕಾಲಿಗೆ ತೊಟ್ಟಿದ್ದ ಉದ್ದ ಪಟ್ಟಿಗಳಲ್ಲಿ ಒಂದು ಸ್ಕೀ ಕಳಚಿಕೊಂಡು ತನ್ನ ಪಾಡಿಗೆ ತಾನು ಕೆಳಗೆ ಹೋಯಿತು, ಇನ್ನೊಂದು ಬಲೆಗೆ ಸಿಕ್ಕಿ ಕಾಲನ್ನು ಆಕಾಶಕ್ಕೆ ಎತ್ತಿ ಹಿಡಿದಿತ್ತು. ಕೆಂಪು ಕೋಟಿನ ಟೀಚರ್ ಜಾರುತ್ತಾ ಬಂದು ಅವಳ ಬಲಮೊಣಕಾಲನ್ನು ತಟ್ಟಿ, ಹೀಗಲ್ಲ ಎನ್ನುವಂತೆ ತಲೆಯಾಡಿಸಿದಳು. ವಾರವಿಡೀ ಅವಳು ತಟ್ಟುತ್ತಿದ್ದುದು ಅದೇ ಮೊಣಕಾಲನ್ನು.

"ನಂಗೆ ಗೊತ್ತು ತಾಯಿ. ಕಾಲಿಗೆ ಗೊತ್ತಿಲ್ಲ, ಅಷ್ಟೇ," ಎಂದಳು ಇವಳು ಕನ್ನಡದಲ್ಲೇ. ಟೀಚರ್ ಏನರ್ಥ ಮಾಡಿಕೊಂಡಳೋ, ಹೆಬ್ಬೆರಳು ಎತ್ತಿ ತೋರಿಸಿ ಹೋದಳು.

ಊರಿನಲ್ಲಿ ಇವಳೂ ಕಲಿಸುವವಳೇ. ಡ್ರೈವಿಂಗ್ ಸ್ಕೂಲ್ ಮೇಡಂ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಸ್ಟಿಯರಿಂಗ್ ಮುಟ್ಟಿದರೆ ಬೆವರುವ ಸೊಸೆಯಂದಿರು, ನಿವೃತ್ತಿಯಾದ ಮೇಲೆ ಕಾರು ಕೊಂಡ ಹೆಡ್‌ಮಾಸ್ಟರುಗಳು, ಎಲ್ಲರನ್ನೂ ಬೈದು, ನಗಿಸಿ, ರಸ್ತೆಗೆ ಬಿಟ್ಟವಳು. "ಹೆದರಿಕೆ ಮನೇಲಿಟ್ಟು ಬನ್ನಿ" ಎನ್ನುವುದೇ ಅವಳ ಮೊದಲ ಪಾಠ. ಐವತ್ತು ತುಂಬಿದ ಖುಷಿಗೆ ಹಿಮದ ಮೇಲೆ ಜಾರಲೇಬೇಕೆಂದು ಹಟ ಹಿಡಿದು ಈ ದೂರದ ದೇಶಕ್ಕೆ ಬಂದವಳೂ ಅವಳೇ. ಔಷಧಿ ಅಂಗಡಿ ಇಟ್ಟುಕೊಂಡಿದ್ದ ಗಂಡ, "ನಂಗೆ ಕೆಳಗೊಂದು ಕುರ್ಚಿ, ಒಂದು ಕಾಫಿ ಸಾಕು ಕಣೆ" ಎನ್ನುತ್ತಾ ಜೊತೆಗೆ ಬಂದಿದ್ದ.

ಆದದ್ದೇ ಬೇರೆ. ಮೊದಲ ದಿನವೇ ಕುರ್ಚಿ ಬೇಸರವಾಗಿ ಎದ್ದ ಗಂಡ, ಎರಡು ದಿನ ಕಳೆಯುವುದರೊಳಗೆ ಮುಲಾಮು ಸವರಿದಷ್ಟು ನುಣ್ಣಗೆ ಇಳಿಯತೊಡಗಿದ. ಒಂದು ಸಲವೂ ಬೀಳಲಿಲ್ಲ. ಇವಳಿಗೆ ಮಕ್ಕಳ ಇಳಿಜಾರೇ ಮುಗಿಯಲಿಲ್ಲ. ಅವಳಿಗೆ ಆದದ್ದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ ಕೊಡಬೇಕು? ಆದರೂ ಊಟ, ಬಿಸಿಲು, ಬೆಳ್ಳನೆಯ ಬೆಟ್ಟ, ಯಾವುದರಲ್ಲೂ ಅವಳು ಕಡಿಮೆ ಸುಖಪಟ್ಟಿರಲಿಲ್ಲ. ಆಸೆ ಒಂದೇ ಉಳಿದಿತ್ತು. ನಾಳಿದ್ದು ವಿಮಾನ. ಅಷ್ಟರೊಳಗೆ ಒಂದೇ ಒಂದು ಸಲ ಮೇಲಿನಿಂದ ಕೆಳಗಿನವರೆಗೆ ಬೀಳದೆ ಬರಬೇಕು.

ಸಂಜೆ ಕೋಣೆಯಲ್ಲಿ ಹೀಟರ್ ಮೇಲೆ ಒಣಹಾಕಿದ ಕೈಗವಸುಗಳಿಂದ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಅವಳು ಮಂಚದ ಮೇಲೆ ಬೋರಲು ಮಲಗಿದ್ದಳು. ಗಂಡ ಸೊಂಟಕ್ಕೆ ನೋವಿನ ಎಣ್ಣೆ ತಿಕ್ಕುತ್ತಿದ್ದ.

"ಬಲಗಾಲಲ್ಲಿ ಶಕ್ತೀನೇ ಇಲ್ಲ ಕಣ್ರೀ."

"ಶಕ್ತಿ ಜಾಸ್ತಿಯಾಗಿದೆ." ಅವನು ತಿಕ್ಕುವುದನ್ನು ನಿಲ್ಲಿಸಿದ. "ಒಂದು ಹೇಳ್ಲಾ? ಬೈಬಾರದು."

"ಸೊಂಟ ನಿಮ್ಮ ಕೈಯಲ್ಲಿದೆ. ಹೆಂಗೆ ಬೈಲಿ?"

"ಸ್ವಲ್ಪ ವೇಗ ಬಂದ ತಕ್ಷಣ ನೀನು ಬಲಗಾಲು ಒತ್ತುತೀಯ. ಕಲಿಯೋರ ಪಕ್ಕ ಕೂತು ನಿನ್ನ ಕಡೆ ಬ್ರೇಕ್ ಒತ್ತುತೀಯಲ್ಲ, ಹಾಗೇ. ಇಲ್ಲಿ ನಿಲ್ಲಬೇಕಂದ್ರೆ ಎರಡೂ ಕಾಲು ಸಮವಾಗಿ ಅಗಲಿಸಬೇಕು. ಬಲಗಾಲೊಂದನ್ನೇ ಒತ್ತಿದ್ರೆ ಎಡಕ್ಕೆ ತಿರುಗುತ್ತೆ. ಎಡಕ್ಕೆ ಬಲೆ ಇದೆ."

ಅವಳು ತಲೆ ಎತ್ತಿ ನೋಡಿದಳು. "ಇದು ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲನೇ ದಿನ."

"ಮತ್ತೆ ಬಾಯಿಗೇನು ಬೀಗ ಹಾಕಿತ್ತಾ?"

"ನಾನು ಕಾರು ಓಡಿಸ್ವಾಗ್ಲೂ ಹಂಗೇ ಒತ್ತುತೀಯ. ನಮ್ಮ ಕಾರಲ್ಲಿ ಆ ಕಡೆ ಬ್ರೇಕೇ ಇಲ್ಲ, ಬರೀ ನೆಲ. ಇಷ್ಟು ವರ್ಷ ಅದನ್ನೇ ಹೇಳಿಲ್ಲ, ಇದನ್ನ ಹೇಳ್ತೀನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ಹಿಡಿಯುತ್ತಿತ್ತು, ಹಿಡಿದಷ್ಟೂ ನಗು ಬರುತ್ತಿತ್ತು. ನಗು ಇಳಿದ ಮೇಲೆ ದಿಂಬಿಗೆ ಗಲ್ಲ ಒತ್ತಿಕೊಂಡು ಕೇಳಿದಳು.

"ರೀ, ನಾನೇ ಕೂತು ಕಾರು ಓಡಿಸಿ ಎಷ್ಟು ಕಾಲ ಆಯ್ತು?"

ಅವನು ಯೋಚಿಸಿದ. ಬೆಳಿಗ್ಗೆ ಕಲಿಯುವವರು ಬಂದು ಅವಳನ್ನು ಕರೆದೊಯ್ಯುತ್ತಾರೆ, ಸಂಜೆ ಕಲಿಯುವವರೇ ತಂದು ಬಿಡುತ್ತಾರೆ. ತರಕಾರಿಗೆ ಹೋಗುವಾಗಲೂ ಯಾರನ್ನಾದರೂ ಕೂರಿಸಿ, "ಅಭ್ಯಾಸ ಆಗ್ಲಿ, ಓಡಿಸಿ" ಎನ್ನುತ್ತಾಳೆ. ಭಾನುವಾರ ಅವನು ಓಡಿಸುತ್ತಾನೆ.

"ನೆನಪಿಲ್ಲ ಕಣೆ," ಎಂದ.

ಅವಳಿಗೆ ಬೇಜಾರಾಯಿತು. ಊರೆಲ್ಲ ಓಡಿಸುವ ಹಾಗೆ ಮಾಡಿದವಳು ತಾನು, ತನ್ನ ಕೈಗೆ ಮಾತ್ರ ಸ್ಟಿಯರಿಂಗ್ ಸಿಕ್ಕಿಲ್ಲ. ಯಾರೂ ಕಿತ್ತುಕೊಂಡದ್ದಲ್ಲ, ತಾನಾಗಿಯೇ ಬಿಟ್ಟುಕೊಟ್ಟದ್ದು. ಅದಕ್ಕೇ ಬೇಜಾರು ಹೆಚ್ಚು.

ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಬಾಡಿಗೆಯ ಬೂಟು ಯಾವತ್ತಿನಂತೆ ಹಿಮ್ಮಡಿ ಕಚ್ಚುತ್ತಿತ್ತು. ಕಾರಣ ಗೊತ್ತಾದರೆ ಕಾಲು ಕೇಳುತ್ತದೆಯೇ? ಅವತ್ತಿನ ಮೊದಲ ಸಲವೂ ನೇರವಾಗಿ ಬಲೆಗೇ ಹೋದಳು. ಮಧ್ಯಾಹ್ನದವರೆಗೂ ಅದೇ ಪಾಡು. ಟೀಚರ್ ಪಾಠ ಮುಗಿಸಿ, ಅವಳನ್ನು ತಬ್ಬಿಕೊಂಡು ಬೀಳ್ಕೊಟ್ಟಳು. ಸ್ಕೀ ವಾಪಸು ಕೊಡುವ ಹೊತ್ತು ಹತ್ತಿರವಾಗಿತ್ತು.

"ಇದೊಂದು ಸಲ. ನೀವು ಹಿಂದೆ ಬನ್ನಿ. ಏನೂ ಹೇಳ್ಬೇಡಿ," ಎಂದಳು ಗಂಡನಿಗೆ.

"ನಾನ್ಯಾವತ್ತು ಹೇಳಿದ್ದೆ?"

ಹೊರಟಳು. ಕಿವಿಗೆ ಗಾಳಿ ತಾಕುತ್ತಿದ್ದಂತೆ ಬಲತೊಡೆ ಬಿಗಿಯಿತು, ಬಲೆ ಹತ್ತಿರ ಬಂತು. ಆಗ ಅವಳ ಬಾಯಿಂದ ಸ್ಕೂಲಿನ ದನಿ ತಾನಾಗಿಯೇ ಹೊರಟಿತು. "ಕಾಲು ತೆಗೀರಿ ಮೇಡಂ. ಕಾಲು ತೆಗೀರಿ ಅಂದೆ. ಪಕ್ಕದಲ್ಲಿ ಯಾರೂ ಇಲ್ಲ, ಓಡಿಸ್ತಿರೋದು ನೀವೇ." ಅಕ್ಕಪಕ್ಕದ ಮಕ್ಕಳು ತಿರುಗಿ ನೋಡಿದರು. ತೊಡೆ ಸಡಿಲವಾಯಿತು. ಸ್ಕೀಗಳು ಒಮ್ಮೆ ತಬ್ಬಿಬ್ಬಾದಂತೆ ಅಲುಗಾಡಿ ನೇರವಾದವು. ಬಲೆ ಎಡಗಡೆಯಲ್ಲೇ ಉಳಿದು ಹಿಂದಕ್ಕೆ ಸರಿಯಿತು. ಅವಳು ಇದುವರೆಗೆ ನಡೆದುಕೊಂಡೇ ಇಳಿದಿದ್ದ ತಿರುವು ಬಂತು, ಹೋಯಿತು. ಎರಡೂ ಹಿಮ್ಮಡಿ ಅಗಲಿಸಿದಳು. ಸಮತಟ್ಟಿನ ಮೇಲೆ ಬಂದು ನಿಂತಾಗ ಕಾಲುಗಳೆರಡೂ ತನ್ನವೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಎದೆ ತುಂಬಿ ಬಂದಿತ್ತು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಹೇಳಿಕೊಳ್ಳಲು ಗಂಡನಿಗಾಗಿ ತಿರುಗಿದಳು. ಪಕ್ಕದಲ್ಲಿ ಇರಲಿಲ್ಲ. ಇಳಿಜಾರಿನ ನಡುವೆ, ವಾರದಲ್ಲಿ ಮೊದಲ ಸಲ, ಅಂಗಾತ ಬಿದ್ದಿದ್ದ. ಅವಳನ್ನೇ ನೋಡುತ್ತಾ ತನ್ನ ದಾರಿ ಮರೆತಿರಬೇಕು. ಬಿದ್ದಲ್ಲಿಂದಲೇ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ. ದಪ್ಪ ಕೈಗವಸಿನ ಸದ್ದು ಇಲ್ಲಿಗೆ ಕೇಳುತ್ತಿರಲಿಲ್ಲ.

ಮೊಣಕಾಲು ಮಡಚಿ, ಸ್ಕೀ ಅಡ್ಡ ಇಡಿ, ಕೈಯಲ್ಲಿರೋ ಕೋಲು ಊರಿ ಎಂದು ಕೂಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಳು. ಅವನು ಒಮ್ಮೆ ಏಳಲು ಹೋಗಿ ಕುಸಿದ, ಹಿಮ ಕೊಡವಿಕೊಂಡು ಮತ್ತೆ ಎದ್ದ. ನಿಧಾನವಾಗಿ, ಸ್ವಲ್ಪ ಸೊಟ್ಟಗೆ, ತನಗೆ ತೋಚಿದ ದಾರಿಯಲ್ಲಿ ಬರತೊಡಗಿದ. ಅವಳು ಕೋಲುಗಳ ಮೇಲೆ ಗಲ್ಲ ಊರಿಕೊಂಡು, ಅವನು ಬರುವುದನ್ನು ನೋಡುತ್ತಾ ನಿಂತಳು.