ಅರಿಶಿಣದ ಗೆರೆ

ಮಸ್ಕಿಯಿಂದ ಸಿಂಧನೂರಿನವರೆಗೆ ಹಳೆಯ ಕ್ಯಾಮೆರಾ ಕೊಳ್ಳುವವರೆಲ್ಲ ನನ್ನನ್ನೇ ಜೊತೆಗೆ ಕರೆದೊಯ್ಯುತ್ತಾರೆ. ನನ್ನ ಫೋಟೋ ಸ್ಟುಡಿಯೋ ಮುಚ್ಚಿ ವರ್ಷವಾದರೂ ಗ್ಯಾನಪ್ಪನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರು ಉಳಿದಿದೆ. ಆ ಹೆಸರಿನ ಬಗ್ಗೆ ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ.

ನಜಮಾ ನಮ್ಮ ಓಣಿಯ ಹುಡುಗಿ. ಸಿಂಧನೂರಿನ ಒಂದು ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವ ಕೆಲಸ ಅವಳಿಗೆ ಸಿಕ್ಕಿತ್ತು. ಅಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ಇದೊಂದು ಚೆನ್ನಾಗಿ ಆದರೆ ಮುಂದಿನ ಮದುವೆಗಳೂ ಅವಳವೇ. "ಇದೊಂದು ನೋಡ್ತೀನಿ, ಆಗದಿದ್ರ ಸುಮ್ನ ಮನ್ಯಾಗಿರು" ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಅವಳಿಗೊಂದು ಹಳೆಯ ಕ್ಯಾಮೆರಾ ಕೊಡಿಸಲು ಹೊರಟೆವು. ಲಿಂಗಸುಗೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದೆ. ಹೊರಗಿನ ಗೀರಿಗೆ ಹೆದರಬೇಡ, ಗೀರು ಫೋಟೋದಲ್ಲಿ ಬೀಳುವುದಿಲ್ಲ. ಸ್ಕ್ರೂಗಳ ತಲೆ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಹಿಡಿಯುವ ಕಡೆ ರಬ್ಬರ್ ಸಡಿಲವಾಗಿದ್ದರೆ ಅದು ತುಂಬಾ ದುಡಿದಿದೆ. ಲೆನ್ಸಿಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯೇ ನೋಡು. ನೀರು ಕುಡಿದ ಕ್ಯಾಮೆರಾ ಸಂದಿಗಳಲ್ಲೇ ಸಿಕ್ಕಿಬೀಳುತ್ತದೆ.

ದಾನಿಷ್‌ನ ಲಿಂಗಸುಗೂರಿನ ಅಂಗಡಿಯಲ್ಲಿ ಮೂರು ಹಳೆಯ ಕ್ಯಾಮೆರಾಗಳಿದ್ದವು. ಎರಡನ್ನು ಅವಳೇ ನೋಡಿ ಬೇಡವೆಂದಳು. ಮೂರನೆಯದನ್ನು ದಾನಿಷ್ ಕಪಾಟಿನಿಂದ ತೆಗೆದ. ಅದು ನನ್ನದೇ. ಹೋದ ವರ್ಷ ಅವನಿಗೆ ಮಾರಿದ್ದೆ. ಇಷ್ಟೊತ್ತಿಗೆ ಎಲ್ಲಿಗೋ ಹೋಗಿರುತ್ತದೆ ಎಂದುಕೊಂಡಿದ್ದೆ.

ನಜಮಾ ರಬ್ಬರಿನ ಅಂಚನ್ನು ಉಗುರಿನಿಂದ ಎತ್ತಿದಳು. "ಕಾಕಾ, ಇಲ್ಲಿ ಹಳದಿ ಗೆರಿ ಐತಿ ನೋಡ್ರಿ. ಕಣ್ಣಿಟ್ಟು ನೋಡೋ ಕಿಂಡ್ಯಾಗ ಏನೋ ಪುಡಿನೂ ಕಾಣ್ತೈತಿ. ನೀರು ಬಿದ್ದಿತ್ತೇನು ಇದಕ್ಕ?"

ಬಿದ್ದಿತ್ತು. ತುರ್ವಿಹಾಳದ ಮದುವೆಯಲ್ಲಿ ಮದುಮಗನಿಗೆ ಸುರಗಿ ನೀರಿನ ಸ್ನಾನ ಮಾಡಿಸುವಾಗ ಹೆಂಗಸರು ಒಂದು ಕೊಡ ಅರಿಶಿಣದ ನೀರನ್ನು ನನ್ನ ಮೇಲೂ ಸುರಿದಿದ್ದರು. ಅಕ್ಕಿಯಲ್ಲಿಟ್ಟರೆ ಒಣಗುತ್ತದೆಂದು, ಗಿರಣಿಯಿಂದ ಆಗಷ್ಟೇ ಬಂದ ಚೀಲದಲ್ಲಿ ಮೂರು ದಿನ ಹೂತಿಟ್ಟೆ. ನೀರೇನೋ ಒಣಗಿತು, ತೌಡಿನ ಧೂಳು ಒಳಸೇರಿತು. ಅಂದಿನಿಂದ ಒಂದೇ ಸಮನೆ ಸುಮಾರು ನೂರೈವತ್ತು ಫೋಟೋ ತೆಗೆದರೆ ಶಟರ್ ಕಚ್ಚಿಕೊಳ್ಳುತ್ತದೆ. ಆಮೇಲೆ ಏನು ಮಾಡಿದರೂ ಆ ದಿನ ಅದು ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಹತ್ತು ಫೋಟೋ ತೆಗೆದು ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ದಾನಿಷ್‌ಗೂ ಗೊತ್ತಾಗಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ದಾನಿಷ್ ನಕ್ಕ. "ಏ ತಂಗಿ, ಇದು ನಿಮ್ಮ ಕಾಕಾಂದೇ ಐತಿ. ಅವರ ಮಾತಿನ ಮ್ಯಾಲೆ ನಾ ಕಣ್ಣು ಮುಚ್ಚಿ ತಗೊಂಡೀನಿ."

ನಜಮಾಳ ಮುಖ ಅರಳಿತು. ಟಾರ್ಚ್ ಆರಿಸಿ ಚೀಲಕ್ಕೆ ಹಾಕಿದಳು. "ಮೊದ್ಲೇ ಹೇಳಬಾರದೇನ್ರಿ ಕಾಕಾ? ನಿಮ್ಮ ಕೈಯಾಗಿಂದು ಅಂದ್ರ ಮತ್ತೇನು ನೋಡೋದೈತಿ?" ಬೆಲೆಯಲ್ಲೂ ಚೌಕಾಸಿ ಮಾಡಲಿಲ್ಲ.

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ನಾಲ್ವರೂ ನನ್ನನ್ನು ಬಲ್ಲವರು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ನಾಲಿಗೆ ಹೊರಳಲಿಲ್ಲ. ಮರಳುವ ಬಸ್ಸಿನಲ್ಲೂ ಹೊರಳಲಿಲ್ಲ. ಅವಳು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಬೀಳದಂತೆ ದುಪಟ್ಟಾ ಮುಚ್ಚಿದ್ದಳು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. "ನಡುನಡುವೆ ಬಿಡುವು ಕೊಡವ್ವ, ಭಾಳ ತೆಗಿಬ್ಯಾಡ" ಎಂದಷ್ಟೇ ಹೇಳಿದೆ. ಅದನ್ನೂ ಪಾಠವೆಂದುಕೊಂಡು ತಲೆಯಾಡಿಸಿದಳು.

ಭಾನುವಾರ ಸಿಂಧನೂರಿನ ಶಾದಿ ಮಹಲ್‌ಗೆ ಯಾರೂ ಕರೆಯದೆಯೇ ಹೋದೆ. ಹೆಂಗಸರ ಕಡೆ ಪರದೆ ಇಳಿಬಿಟ್ಟಿತ್ತು. ಒಳಗೆ ಫ್ಲ್ಯಾಶ್ ಹೊಡೆದಾಗಲೆಲ್ಲ ಪರದೆ ಬೆಳಗುತ್ತಿತ್ತು. ನಾನು ಎಣಿಸುತ್ತ ಕುಳಿತೆ. ತೊಂಬತ್ತು. ನೂರಿಪ್ಪತ್ತು. ಮದುಮಗಳನ್ನು ಇನ್ನೇನು ಕರೆತರುತ್ತಾರೆ ಎಂದು ಯಾರೋ ಅಂದರು. ನೂರನಲವತ್ತೆಂಟರ ನಂತರ ಪರದೆ ಬೆಳಗಲಿಲ್ಲ.

ನಜಮಾ ಹೊರಗೆ ಓಡಿಬಂದಳು. ನನ್ನನ್ನು ಕಂಡದ್ದೇ ಅವಳಿಗೆ ಹೋದ ಜೀವ ಬಂದಂತಾಯಿತು. ಕ್ಯಾಮೆರಾವನ್ನು ನನ್ನ ಕೈಗಿತ್ತಳು. "ಅಲ್ಲಾ ಕಳಿಸಿದಂಗ ಬಂದೀರಿ ಕಾಕಾ. ನಾನೇ ಏನೋ ತಪ್ಪು ಒತ್ತೀನಿ. ನಿಮ್ಮ ಕೈಯಾಗಾದ್ರ ಇದು ಮಾತು ಕೇಳ್ತೈತಿ."

ಬ್ಯಾಟರಿ ತೆಗೆದು ಹಾಕಿದೆ. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಒಳಗಿನಿಂದ ಅವಳ ಹೆಸರು ಹಿಡಿದು ಕೂಗತೊಡಗಿದರು. ಅವಳು ಪರದೆಯ ಕಡೆ ತಿರುಗಲಿಲ್ಲ, ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು. ನಾನು ಮತ್ತೊಮ್ಮೆ ಬ್ಯಾಟರಿ ತೆಗೆದೆ.