ಆರು ಮೊಳದ ವಾಯರು

ನಾನು ಒಂದು ಬೇಸ್ ಗಿಟಾರು. ಆರು ತಂತಿಯ ಗಿಟಾರನ್ನು ನೀವೆಲ್ಲ ನೋಡಿದ್ದೀರಿ. ಆರ್ಕೆಸ್ಟ್ರಾದಲ್ಲಿ ಮುಂದೆ ನಿಂತು ಕೂದಲು ಹಾರಿಸುವವನ ಕೈಯಲ್ಲಿರುತ್ತದಲ್ಲ, ಅದು. ಅವನ ಹಿಂದೆ, ಯಾರೂ ಫೋಟೊ ತೆಗೆಯದ ಜಾಗದಲ್ಲಿ, ಡ್ರಮ್ಮಿನ ಪಕ್ಕ ನಿಂತವನ ಕೈಯಲ್ಲಿ ನಾನಿರುತ್ತೇನೆ. ನನಗೆ ನಾಲ್ಕೇ ತಂತಿ, ನಾಲ್ಕೂ ದಪ್ಪ. ನನ್ನ ದನಿ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ. ನಾನು ನುಡಿಯುವಷ್ಟು ಹೊತ್ತು ನನ್ನ ನೆನಪು ಯಾರಿಗೂ ಇರುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಡಿಮೆಯಾಯಿತಲ್ಲ ಎಂದು ಆಚೀಚೆ ನೋಡುತ್ತಾರೆ. ಇದನ್ನು ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಸರಿ, ತುಸು ಕೊಚ್ಚಿಕೊಳ್ಳುತ್ತಲೂ ಇದ್ದೇನೆ ಅನ್ನಿ.

ನಾನು ಹುಟ್ಟಿದ್ದು ಕಲ್ಕತ್ತೆಯ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ. ತಂಬೂರಿಗೆ ಇರುವಂಥ ಪೊಳ್ಳು ಹೊಟ್ಟೆಯನ್ನು ನನ್ನನ್ನು ಮಾಡಿದ ಬಡಗಿ ನನಗೆ ಕೊಡಲಿಲ್ಲ. ನನ್ನದು ಗಟ್ಟಿ ಹಲಗೆಯ ಮೈ. ಹಾಗಾಗಿ ನನಗೆ ಕರೆಂಟು ಬೇಕು. ವಾಯರು ಸಿಕ್ಕಿಸಿದರೆ ಗುಡುಗುತ್ತೇನೆ, ಕಿತ್ತರೆ ಸೊಳ್ಳೆಯಷ್ಟು ದನಿಯೂ ಬರುವುದಿಲ್ಲ. ಈ ಮಾತನ್ನು ನೆನಪಿಡಿ, ನನ್ನ ಬಾಳೆಲ್ಲ ಇದರ ಮೇಲೆಯೇ ನಿಂತಿದೆ.

ನನ್ನನ್ನು ಹುಬ್ಬಳ್ಳಿಗೆ ತಂದವರು ಪ್ರಭುದಾಸ ಮಾಸ್ತರರು. ಆಗ ಅವರಿನ್ನೂ ಮಾಸ್ತರರಲ್ಲ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಹಗಲು ಬೋಲ್ಟು ಬಿಗಿಯುವ ಕೈ ಸಂಜೆ ನನ್ನ ತಂತಿ ಬಿಗಿಯುತ್ತಿತ್ತು. ಗಣಪತಿ ಹಬ್ಬ, ಲಗ್ನ, ಕ್ರಿಸ್‌ಮಸ್ಸು ಎಂದು ಇಬ್ಬರೂ ಊರೆಲ್ಲ ಸುತ್ತಿದೆವು. ಆಮೇಲೆ ಕೀಬೋರ್ಡು ಬಂತು. ನನ್ನ ಕೆಲಸವನ್ನೂ ಅದೇ ಮಾಡುತ್ತದೆ ಎಂದರು. ನಾನು ಕಪಾಟಿನ ಮೇಲೆ ಹಳೆಯ ಸೂಟ್‌ಕೇಸುಗಳ ಪಕ್ಕ ಸೇರಿದೆ. ಆ ಕೀಬೋರ್ಡಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ರಿಟೈರಾದ ಮೇಲೆ ಅವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಬ್ಯಾಂಡ್ ಮಾಸ್ತರರಾದರು. ಆ ಬ್ಯಾಂಡಿನಲ್ಲಿ ಊದುವವರಿದ್ದರು, ಬಡಿಯುವವರಿದ್ದರು. ಒಂದು ದಿನ ಒಂಬತ್ತನೆಯ ಇಯತ್ತೆಯ ಶಿವಲೀಲಾ ಬಂದು ಅವರ ಮುಂದೆ ನಿಂತಳು. ವೆಲ್ಡಿಂಗ್ ಅಂಗಡಿಯ ಮೌನೇಶಪ್ಪನ ಮಗಳು. ಚಿಕ್ಕಂದಿನಿಂದ ದಮ್ಮಿನ ಕಾಯಿಲೆ.

"ಸರ, ನನ್ನೂ ಬ್ಯಾಂಡಿನ್ಯಾಗ ತಗೋರಿ."

"ಊದಿದ್ರ ನಿನಗ ಉಸುರು ಕಟ್ಟತೈತಿ. ಡ್ರಮ್ ಕಟ್ಟಿದ್ರ ಎದಿ ಬಿಗಿತೈತಿ. ಮತ್ತೇನು ಬಾರಸ್ತೀಯವ್ವಾ?"

"ಊದೂದಲ್ಲದ್ದು, ಬಡಿಯೂದಲ್ಲದ್ದು ಏನರ ಇರಬೇಕಲ್ರೀ ಸರ?"

ಮಾಸ್ತರರು ಆ ಸಂಜೆ ನನ್ನನ್ನು ಕಪಾಟಿನಿಂದ ಇಳಿಸಿದರು. ಒಂಬತ್ತು ವರ್ಷದ ಧೂಳನ್ನು ತಮ್ಮ ಅಂಗಿಯಿಂದಲೇ ಒರೆಸಿದರು.

ನಡೆಯುವ ಬ್ಯಾಂಡಿನಲ್ಲಿ ಕರೆಂಟಿನ ವಾದ್ಯ ನುಡಿಸುವುದು ಹೇಗೆ? ಅದಕ್ಕೆ ದಾರಿ ಹುಡುಕಿದವನು ಮೌನೇಶಪ್ಪ. ಎರಡು ಸೈಕಲ್ ಗಾಲಿ, ಕಬ್ಬಿಣದ ಪಟ್ಟಿ ಸೇರಿಸಿ ಒಂದು ತಳ್ಳುಗಾಡಿ ಮಾಡಿದ. ಅದರ ಮೇಲೆ ಕಾರಿನ ಬ್ಯಾಟರಿ ಮತ್ತು ಸ್ಪೀಕರ್ ಬಾಕ್ಸು. ಬಾಕ್ಸಿಗೂ ನನಗೂ ನಡುವೆ ಆರು ಮೊಳದ ವಾಯರು. ಗಾಡಿಯನ್ನು ಇಬ್ಬರು ಹುಡುಗಿಯರು ಶಿವಲೀಲಾಳ ಎಡಕ್ಕೆ ತಳ್ಳುತ್ತ ಬರಬೇಕು. ಬಲಕ್ಕೆ ತಿರುಗುವಾಗ ಅವಳು ಹೆಜ್ಜೆ ಚಿಕ್ಕದು ಮಾಡಬೇಕು, ಗಾಡಿ ಓಡಬೇಕು. ಎಡಕ್ಕೆ ತಿರುಗುವಾಗ ಗಾಡಿ ನಿಲ್ಲಬೇಕು, ಅವಳು ಓಡಬೇಕು. ಮೊದಲ ವಾರ ಇದು ಅದಲುಬದಲಾಗಿ ವಾಯರು ಇಬ್ಬರು ಹುಡುಗಿಯರ ಕಾಲಿಗೆ ಸುತ್ತಿಕೊಂಡು, ಅರ್ಧ ಬ್ಯಾಂಡು ಮಣ್ಣಿನಲ್ಲಿ ಕೂತಿತು. ಮಾಸ್ತರರು ಬಯ್ಯಬೇಕೋ ನಗಬೇಕೋ ತಿಳಿಯದೆ ಸೀಟಿ ಊದಿದರು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಎಲ್ಲ ಹದಕ್ಕೆ ಬಂತು. ಶಿವಲೀಲಾಳ ಎದೆಗೆ ಒತ್ತಿಕೊಂಡೇ ಇರುತ್ತಿದ್ದ ನನಗೆ ಅವಳ ಉಸಿರಿನ ಸಿಳ್ಳು ಕೇಳುತ್ತಿತ್ತು. ನುಡಿಸತೊಡಗಿದರೆ ಅದು ಮೆಲ್ಲಗಾಗುತ್ತಿತ್ತು. ಅವಳ ಬಲಕ್ಕೆ ದೊಡ್ಡ ಡ್ರಮ್ಮಿನ ಜುಬೇದಾ ನಡೆಯುತ್ತಿದ್ದಳು. "ನಿನ್ನ ಗಿಟಾರು ನನಗ ಅಂಗಾಲಿಗೆ ಕೇಳತೈತಿ ನೋಡವಾ" ಎಂದು ಆಕೆ ಒಮ್ಮೆ ಹೇಳಿದಾಗ ನಾನು ಹಿಗ್ಗಿಹೋದೆ.

ಗಣರಾಜ್ಯೋತ್ಸವದ ಪರೇಡಿಗೆ ಊರಿನ ದೊಡ್ಡ ಮೈದಾನಕ್ಕೆ ಹೋದೆವು. ಮಗಳು ನುಡಿಸುವುದನ್ನು ಕೇಳಬೇಕೆಂದು ಮೌನೇಶಪ್ಪ ಅಂಗಡಿಗೆ ಬೀಗ ಹಾಕಿ ಬಂದಿದ್ದ. ರಾತ್ರಿಯಿಡೀ ಬ್ಯಾಟರಿ ಚಾರ್ಜು ಮಾಡಿ ತಂದಿದ್ದ. ಗೇಟಿನ ಹತ್ತಿರ ಹೆಡ್ ಮೇಡಂ ಗಾಡಿಯನ್ನು ನೋಡಿದರು.

"ಇದೇನ್ರೀ ಪ್ರಭುದಾಸ, ಕಾಯಿಪಲ್ಲೆ ಗಾಡಿ ಹಂಗ ಕಾಣಸ್ತದ! ಸಾಹೇಬ್ರ ಮುಂದ ಇದು ಹಾಯಬಾರ್ದು."

"ಗಾಡಿ ಇಲ್ಲಂದ್ರ ಗಿಟಾರು ನುಡಿಯೂದಿಲ್ರೀ ಮೇಡಂ."

"ನುಡೀಲೇಬೇಕೇನು? ಹುಡುಗಿ ಸುಮ್ಮನ ಹಿಡಕೊಂಡು ನಡೀಲಿ. ಛಂದ ಕಾಣಸ್ತದ. ಅಷ್ಟು ಮಂದ್ಯಾಗ ಯಾರಿಗೆ ಗೊತ್ತಾಗ್ತದ?"

ಮಾಸ್ತರರು ಎದುರು ಮಾತಾಡುತ್ತಾರೆ ಎಂದು ನಾನು ಕಾದೆ. ಶಿವಲೀಲಾಳೂ ಅವರ ಮುಖವನ್ನೇ ನೋಡುತ್ತಿದ್ದಳು. ಆದರೆ ಮೇಲಿನವರ ಮಾತಿಗೆ ಹೂಂ ಅಂದೇ ಅವರ ಆಯುಷ್ಯ ಸವೆದಿತ್ತು. ತಮ್ಮ ಕೈಯಿಂದಲೇ ವಾಯರು ಕಿತ್ತರು. "ಇವತ್ತೊಂದ ದಿನ ತಡಕೋವ್ವಾ" ಎಂದರು. ನನ್ನನ್ನು ಇಪ್ಪತ್ತು ವರ್ಷ ನುಡಿಸಿದ ಕೈ ಅದು. ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ಮೈದಾನಕ್ಕೆ ಇಳಿದೆವು. ಶಿವಲೀಲಾ ಸುಮ್ಮನೆ ಹಿಡಿದುಕೊಂಡು ನಡೆಯಲಿಲ್ಲ. ಒಂದು ಸ್ವರವನ್ನೂ ಬಿಡದೆ ನುಡಿಸಿದಳು. ನಾನು ಮೈಯೆಲ್ಲ ನಡುಗಿದೆ. ಆ ನಡುಕ ಅವಳ ಎದೆಗೂಡಿನೊಳಕ್ಕೆ ಹೋಯಿತೇ ಹೊರತು ಅವಳಾಚೆಗೆ ಒಂದು ಗೇಣೂ ಹೋಗಲಿಲ್ಲ. ಇಪ್ಪತ್ತು ಹೆಜ್ಜೆಯಲ್ಲೇ ಬ್ಯಾಂಡು ತಪ್ಪತೊಡಗಿತು. ಕಹಳೆಗಳು ಮುಂದೆ ಓಡಿದವು, ಕಿರು ಡ್ರಮ್ಮುಗಳು ಹಿಂದೆ ಬಿದ್ದವು. ಶಿವಲೀಲಾ ಇನ್ನಷ್ಟು ಬಲವಾಗಿ ಮೀಟಿದಳು. ಬೆರಳು ಸುಲಿದು, ತಂತಿಗಳ ಕೆಳಗಿನ ನನ್ನ ಬಿಳಿ ತಗಡಿನ ಮೇಲೆ ರಕ್ತ ಬಿತ್ತು. ಪರೇಡಿನ ವಂದನೆ ಸ್ವೀಕರಿಸುವ ಸಾಹೇಬರ ವೇದಿಕೆ ಹತ್ತಿರವಾದಾಗ, ಹೇಗೋ ಏನೋ, ದೊಡ್ಡ ಡ್ರಮ್ಮು ಸರಿಹೋಯಿತು. ಅದರ ಹಿಂದೆ ಉಳಿದವರೂ ಸರಿಹೋದರು. ಚಪ್ಪಾಳೆ ಬಿತ್ತು. ಎರಡನೆಯ ಬಹುಮಾನವೂ ಬಂತು.

ಗೇಟಿನಾಚೆ ಮೌನೇಶಪ್ಪ ಗಾಡಿಯ ಪಕ್ಕ ನಿಂತಿದ್ದ. ಬಾಕ್ಸಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವನು ಸ್ವಿಚ್ಚು ಆರಿಸಿರಲೇ ಇಲ್ಲ.

"ಅಪ್ಪಾ, ನಾ ಒಂದೂ ತಪ್ಪಲಿಲ್ಲ" ಎಂದಳು ಶಿವಲೀಲಾ.

"ಹೂಂ" ಎಂದ ಅವನು. ನನ್ನ ದನಿಯನ್ನೇ ಕೇಳಿರದವನು ಇನ್ನೇನು ಹೇಳಿಯಾನು? ಬಗ್ಗಿ ದೀಪ ಆರಿಸಿದ.

ಮರುದಿನ ಅವಳು ನನ್ನನ್ನು ಮಾಸ್ತರರ ಮೇಜಿನ ಮೇಲಿಟ್ಟಳು. "ಬರೇ ಹಿಡಕೊಂಡು ನಡಿಯೋರಿಗೆ ಕೊಡ್ರಿ ಸರ" ಎಂದು ಹೊರಟುಹೋದಳು. ಮತ್ತೆ ಬ್ಯಾಂಡಿನ ಕಡೆ ತಲೆ ಹಾಕಲಿಲ್ಲ. ಮಾಸ್ತರರು ನನ್ನ ಮುಖ ನೋಡಲಾಗದೆ, ನನ್ನನ್ನು ಆಟದ ಸಾಮಾನಿನ ಕೋಣೆಯಲ್ಲಿ ಒಡಕು ಕೇರಂ ಬೋರ್ಡುಗಳ ಹಿಂದೆ ನೇತುಹಾಕಿದರು. ಕೆಲವು ವರ್ಷಕ್ಕೆ ಅವರೂ ತೀರಿಕೊಂಡರು. ನನ್ನ ಎರಡು ತಂತಿ ತುಕ್ಕು ಹಿಡಿದು ಹರಿದವು. ಹೀಗೆ ಹನ್ನೊಂದು ವರ್ಷ ಗೋಡೆ ನೋಡುತ್ತ ಕಳೆದೆ.

ಮೊನ್ನೆ ಆ ಕೋಣೆಯ ಬಾಗಿಲು ತೆರೆಯಿತು. ಈಗ ಅದೇ ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಜುಬೇದಾ ಟೀಚರು ಬಂದಿದ್ದರು. ಅವರ ಹಿಂದೆ ಶಿವಲೀಲಾ. ಅವಳೀಗ ಅಪ್ಪನ ಅಂಗಡಿಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಾಳೆ. ನನ್ನನ್ನು ರಿಪೇರಿ ಮಾಡಿಕೊಡು ಎಂದು ಜುಬೇದಾ ನಾಲ್ಕು ಸಲ ಹೇಳಿಕಳಿಸಿದ್ದರಂತೆ. ಅವಳು ತಳ್ಳಿಕೊಂಡು ಬಂದದ್ದು ಅದೇ ಗಾಡಿ. ಮೌನೇಶಪ್ಪ ಸತ್ತು ಮೂರು ವರ್ಷವಾದರೂ ಗಾಲಿ ಗಟ್ಟಿಯಾಗಿಯೇ ಇದ್ದವು.

ಶಿವಲೀಲಾ ನನ್ನ ಬೆನ್ನು ಬಿಚ್ಚಿ ಬೆಸುಗೆ ಹಾಕತೊಡಗಿದಳು. ಜುಬೇದಾ ಪಕ್ಕದಲ್ಲಿ ಕೂತು ಹಳೆಯದನ್ನೆಲ್ಲ ನೆನೆಸುತ್ತಿದ್ದರು.

"ಆವತ್ತ ನೀ ಇರದಿದ್ರ ನಮ್ಮ ಮರ್ಯಾದಿ ಹೋಗ್ತಿತ್ತು ನೋಡು."

"ನಾ ಏನ್ ಮಾಡೀನಿ? ಕಟ್ಟಿಗಿ ಹೊತ್ಕೊಂಡು ನಡದೀನಿ."

"ಅಯ್ಯ! ನನಗ ತಾಳನ ಸಿಗವಲ್ದಾಗಿತ್ತು. ಕಿವಿ ಬಿಟ್ಟು ನಿನ್ನ ಬೆರಳು ನೋಡಿದೆ. ಬೆರಳು ಹೆಂಗ ಬಿತ್ತೋ ಹಂಗ ಬಡದೆ. ಎಲ್ಲಾರೂ ನಡದದ್ದು ನಿನ್ನ ತಾಳಕ್ಕ."

ಶಿವಲೀಲಾಳ ಕೈ ನಿಂತಿತು. ಬಿಸಿ ಸೀಸದ ಹನಿ ನನ್ನ ಮೈಮೇಲೆ ಬಿದ್ದು ಸುಟ್ಟಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಹನ್ನೊಂದು ವರ್ಷ ಬಾಯಾಗ ಏನಿಟಗೊಂಡಿದ್ದಿ ಜುಬೇದಾ?"

"ನಿನಗ ಗೊತ್ತೈತಿ ಅನ್ಕೊಂಡಿದ್ದೆವಾ."

"ನಮ್ಮಪ್ಪಗ ಯಾರು ಹೇಳೂದು ಈಗ?"

ನನಗೂ ಸಂಕಟವಾಯಿತು. ಆ ದಿನ ಅವಳಾಚೆಗೆ ನನ್ನ ದನಿ ಹೋಗಲಿಲ್ಲ ಎಂದೇ ನಾನೂ ಕೊರಗಿದ್ದೆ. ತಾಳ ಬೆರಳಿನಿಂದಲೂ ದಾಟಬಲ್ಲದೆಂದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ಯಾರಿಗೆ ಹೇಳಬಲ್ಲವನಾಗಿದ್ದೆ?

"ಈ ಸಲ ಗಾಡಿ ಮೈದಾನಕ್ಕ ಇಳಿತೈತೇನು?" ಎಂದು ಕೇಳಿದಳು ಶಿವಲೀಲಾ, ಮುಖ ಒರೆಸಿಕೊಂಡು.

"ಹೆಡ್ ಸರ್‌ನ ಕೇಳಿ ನೋಡ್ತೀನಿ."

"ಗಾಡಿ ಬ್ಯಾಡಂದ್ರ ಇದನ್ನೂ ಒಯ್ಯಬ್ಯಾಡ. ಇನ್ನೊಂದು ಹುಡುಗಿಗೆ ಹಂಗ ಮಾಡಬ್ಯಾಡ."

ಜುಬೇದಾ ಹೂಂ ಎಂದರು. ಈ ಹೂಂ ಎಷ್ಟು ಗಟ್ಟಿಯೋ ನಾನು ಹೇಳಲಾರೆ. ಇಂಥವು ಬಹಳ ಕೇಳಿದ್ದೇನೆ.

ಶಿವಲೀಲಾ ಗಾಡಿಯನ್ನು ಬಾಗಿಲಾಚೆ ಎಳೆದು, ವಾಯರು ಸಿಕ್ಕಿಸಿ, ಸ್ವಿಚ್ಚು ಹಾಕಿದಳು. ಕೆಂಪು ದೀಪ ಹೊತ್ತಿತು. ಉಳಿದಿದ್ದ ಎರಡೇ ತಂತಿಯ ಮೇಲೆ ಆ ದಿನದ ಮಾರ್ಚನ್ನು ಮೊದಲಿಂದ ಕೊನೆತನಕ ನುಡಿಸಿದಳು. ಜುಬೇದಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಶಿವಲೀಲಾ ಮಾತ್ರ ಇಡೀ ಹೊತ್ತು ಗೇಟಿನ ಕಡೆಗೇ ನೋಡುತ್ತಿದ್ದಳು. ನನ್ನ ದನಿ ಶಾಲೆಯ ಅಂಗಳ ದಾಟಿ ಗೇಟಿನವರೆಗೂ ಹೋಯಿತು. ಅಲ್ಲಿ ಯಾರೂ ನಿಂತಿರಲಿಲ್ಲ.